ಸೋಮವಾರದ ಫಳಾರ, ತೋಳಿನ ಬಿಲ್ಲೆ

ಆ ಸೋಮವಾರವೂ ನನ್ನನ್ನು ಎಬ್ಬಿಸಿದ್ದು ಹಿಂದಿನ ಮನೆಯ ಕೈಮಗ್ಗವೇ. ಬೆಟಗೇರಿಯ ನಮ್ಮ ಓಣಿಗೆ ಅದೇ ಗಡಿಯಾರ. ಖಟ್ ಖಟ್ ಎಂದು ಒಂದೇ ಸಮ ಸಾಗುವ ಸಪ್ಪಳ ನಡುವೆ ತುಸು ನಿಲ್ಲುತ್ತದೆ. ಎಳೆ ಹರಿದಿರಬೇಕು, ಗಂಟು ಹಾಕುತ್ತಿರಬೇಕು ಅಂತ ನಾನು ಅರೆನಿದ್ದೆಯಲ್ಲೇ ಕಾಯುತ್ತೇನೆ. ಮತ್ತೆ ಖಟ್ ಅಂದ ಮೇಲೆಯೇ ನಾನು ಕಣ್ಣು ಬಿಡುವುದು.

ಕಣ್ಣು ಬಿಟ್ಟೊಡನೆ ಎಡ ತೋಳಿನ ಹಿಂಬದಿ ಮುಟ್ಟಿ ನೋಡಿಕೊಂಡೆ. ಸಕ್ಕರೆ ಅಳೆಯುವ ಬಿಲ್ಲೆ ಇತ್ತು. ಮೊಬೈಲು ನೋಡಿದರೆ ನೂರಾ ಇಪ್ಪತ್ತೆರಡು ಅಂತ ತೋರಿಸಿತು, ಪಕ್ಕದಲ್ಲಿ ಮೇಲ್ಮುಖವಾದ ಒಂದು ಸಣ್ಣ ಬಾಣ. ಪರದೆಯ ಮೇಲೆ ರಾತ್ರಿಯಿಡೀ ಕೆಳಗೆ ಮಲಗಿದ್ದ ಗೆರೆ ನಸುಕಿನ ನಾಲ್ಕರಿಂದ ಮೆಲ್ಲಗೆ ಏಳಲು ಹತ್ತಿತ್ತು. ಏನೂ ತಿನ್ನದೆ ಅದು ಯಾಕೆ ಏರುತ್ತದೆ ಅಂತ ಮೊದಲ ದಿನಗಳಲ್ಲಿ ನನಗೆ ಗಾಬರಿ. ದೇಹವನ್ನು ಎಬ್ಬಿಸಲು ಒಳಗಿನಿಂದಲೇ ಒಂದಿಷ್ಟು ಸಕ್ಕರೆ ಬಿಡುಗಡೆಯಾಗುತ್ತದೆ ಅಂತ ಡಾಕ್ಟರು ಹೇಳಿದ ಮೇಲೆ ಗಾಬರಿ ಹೋಗಿ ಬೇರೆಯೇ ಒಂದು ಭಾವನೆ ಬಂತು. ನನಗಿಂತ ಮೊದಲೇ ನನ್ನೊಳಗೆ ಯಾರೋ ಎದ್ದು, ಸಪ್ಪಳವಾಗದಂತೆ ಒಲೆ ಹಚ್ಚಿಟ್ಟು ಹೋದಹಾಗೆ. ನನ್ನ ಜೀವಮಾನದಲ್ಲಿ ನನಗಿಂತ ಮೊದಲು ಎದ್ದು ಒಲೆ ಹಚ್ಚಿದವರು ಅವರೊಬ್ಬರೇ.

ನಳದ ನೀರು ಬರುವ ದಿನವಲ್ಲ, ಅದಕ್ಕೆ ಅವಸರವಿರಲಿಲ್ಲ. ಬಾಗಿಲಿಗೆ ನೀರು ಚಿಮುಕಿಸಿ ನಾಲ್ಕೆಳೆಯ ರಂಗೋಲಿ ಹಾಕಿದೆ. ಅತ್ತೆಗೆ ಚಹಾ ಕೊಟ್ಟೆ. ಅಸುಂಡಿಯಿಂದ ಬರುವ ಮಜ್ಜಿಗೆಯಾಕೆ ಬಾಗಿಲಲ್ಲಿ ಕೂಗಿದಾಗ ಪಾತ್ರೆ ಹಿಡಿದೆ. ನಮ್ಮ ಮನೆಯವರಿಗೆ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿಕೊಟ್ಟೆ. ಸೋಮವಾರ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಭಾನುವಾರವೇ ಬಡಿದು ಒಣಗಿಸಿಟ್ಟ ರೊಟ್ಟಿ ಅವತ್ತು ಅವರಿಬ್ಬರಿಗೂ ನಡೆಯುತ್ತದೆ. ನನಗೆ ಉಪವಾಸ. ಒಂಬತ್ತಕ್ಕೆ ಅವರು ಗದಗಿನ ಅಂಗಡಿಗೆ ಹೊರಟರು. ಬಾಗಿಲು ಮುಂದೆ ಮಾಡಿ ಒಳಬಂದಾಗ, ಕಟ್ಟೆಯ ಮೇಲೆ ರಾತ್ರಿಯೇ ನೆನೆಹಾಕಿದ್ದ ಸಾಬುದಾಣಿ ಬೋಗುಣಿಯಲ್ಲಿ ಮುತ್ತಿನಂತೆ ಉಬ್ಬಿ ನಿಂತಿತ್ತು. ಈ ಸಲ ಫಳಾರ ಬೇಡವೆಂದು ನಿಶ್ಚಯಿಸಿದ್ದರೂ ಕೈ ತನ್ನ ರೂಢಿಯಂತೆ ನೆನೆಹಾಕಿಬಿಟ್ಟಿತ್ತು.

ಬಿಲ್ಲೆಯ ಕತೆ ಹೇಳಬೇಕು. ಎರಡು ತಿಂಗಳ ಹಿಂದೆ ಸೂಜಿಗೆ ದಾರ ಪೋಣಿಸುವಾಗ ಸೂಜಿಯ ಕಣ್ಣು ಎರಡಾಗಿ ಕಂಡಿತು. ಚಾಳೀಸಿನ ನಂಬರು ಬದಲಾಗಿರಬೇಕು ಅಂದುಕೊಂಡು ಕಣ್ಣಿನ ಡಾಕ್ಟರ ಬಳಿ ಹೋದೆ. ಅವರು ಹನಿ ಹಾಕಿ, ದೀಪ ಬಿಟ್ಟು, ಬಹಳ ಹೊತ್ತು ನೋಡಿ, ಕಣ್ಣಿನ ಹಿಂದಿನ ಪರದೆಯ ಮೇಲೆ ಎರಡು ರಕ್ತದ ಚುಕ್ಕಿಗಳಿವೆ ಅಂದರು. ಸಕ್ಕರೆ ಹತೋಟಿಗೆ ಬರದಿದ್ದರೆ ಚುಕ್ಕಿ ಬೆಳೆಯುತ್ತವೆ, ಹೋದ ದೃಷ್ಟಿ ತಿರುಗಿ ಬರುವುದು ಕಷ್ಟ. ಆರು ವರ್ಷದಿಂದ ಮಾತ್ರೆ ನುಂಗುತ್ತಿದ್ದೆ, ಸಿಹಿ ಬಿಟ್ಟಿದ್ದೆ, ಆದರೂ ಹೀಗೆ. ಆಗ ನಮ್ಮ ಸಕ್ಕರೆ ಡಾಕ್ಟರಮ್ಮ ಹದಿನಾಲ್ಕು ದಿನಕ್ಕೆ ಈ ಬಿಲ್ಲೆ ಅಂಟಿಸಿದರು. ಎರಡು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದು, ಬೆಳ್ಳಗೆ. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ನಾನು ಓದಿದ ಕಾನ್ವೆಂಟಿನ ಹೊಲಿಗೆಯ ತರಗತಿಯಲ್ಲಿ ಅಂಗಿಯ ತೋಳಿಗೆ ಗುಂಡಿ ಹಚ್ಚುತ್ತಿದ್ದೆವಲ್ಲ, ಹಾಗೆ ಯಾರೋ ನನ್ನ ಚರ್ಮಕ್ಕೇ ಒಂದು ಗುಂಡಿ ಹಚ್ಚಿದ್ದಾರೆ ಅನಿಸಿತು. ಹಗಲು ರಾತ್ರಿ ಅದು ನನ್ನ ಸಕ್ಕರೆ ಎಣಿಸಿ ಮೊಬೈಲಿಗೆ ಕಳಿಸುತ್ತದೆ. ತಿಂದದ್ದನ್ನೆಲ್ಲ ನಾನೊಂದು ವಹಿಯಲ್ಲಿ ಬರೆಯಬೇಕು. ಗೆರೆಗೂ ವಹಿಗೂ ಹೊಂದಿಸಿ ನೋಡುವುದು ಡಾಕ್ಟರ ಕೆಲಸ.

ಆ ಗೆರೆಯ ಜೊತೆ ನಾನು ಬೇಗ ಹಳೆಯ ಗೆಳತಿಯಂತೆ ಆಗಿಬಿಟ್ಟೆ. ಓಣಿಯ ಹೆಂಗಸರು ಬಂದಾಗ ಅವರ ಜೊತೆ ಕುಡಿಯುವ ಅರ್ಧ ಕಪ್ಪು ಚಹಾಗಳು ನನ್ನ ಲೆಕ್ಕದಲ್ಲಿ ಚಹಾಗಳೇ ಅಲ್ಲ. ಗೆರೆಗೆ ಅವು ಹೊಲದ ಬದುಗಳಂತೆ ಒಂದರ ಹಿಂದೆ ಒಂದು ಕಾಣುತ್ತಿದ್ದವು. ಚುರುಮರಿ ಬರೀ ಗಾಳಿ, ಹಗುರ ಅಂತ ಸಂಜೆ ಗಿರ್ಮಿಟ್ ಮಾಡಿಕೊಂಡೆ. ಗಾಳಿ ಅಂದದ್ದು ಗುಡ್ಡವಾಗಿ ನಿಂತಿತು. ಉಂಡ ಮೇಲೆ ಅಟ್ಟದ ಮೆಟ್ಟಿಲು ಹತ್ತಿ ಇಳಿದು ಒಣಗಿದ ಬಟ್ಟೆ ಮಡಿಚಿದ ದಿನ ಅದೇ ಊಟ ಅರ್ಧ ಎತ್ತರಕ್ಕೇ ನಿಂತಿತು. ಎಡ ಮಗ್ಗುಲಾಗಿ ಬಿಲ್ಲೆ ಅದುಮಿ ಮಲಗಿದ ರಾತ್ರಿ ಗೆರೆ ಸುಳ್ಳೇ ತಗ್ಗಿಗೆ ಬಿದ್ದಿತ್ತು. ಕಣ್ಣು ಮುಚ್ಚಿದರೂ ಆ ಗೆರೆ ಕಾಣುತ್ತಿತ್ತು. ಮುಂಡರಗಿಯ ಬಸ್ಸಿನ ಕಿಟಕಿಯಲ್ಲಿ ಕಪ್ಪತಗುಡ್ಡ ಏಳುತ್ತ ಬೀಳುತ್ತ ನಮ್ಮ ಜೊತೆಗೇ ಬರುತ್ತದಲ್ಲ, ನೀಲಿಯಾಗಿ, ಮುಟ್ಟಲಾಗದಷ್ಟು ದೂರದಲ್ಲಿ. ಹಾಗೆ.

ಮೊದಲ ಸೋಮವಾರ ಕಳೆದು ಗುರುವಾರ ಡಾಕ್ಟರಮ್ಮ ಕರೆದರು. ನನ್ನ ಮಗಳಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವರಿರಬೇಕು. ವಹಿ ತಿರುವಿ ಹಾಕುತ್ತ ಕೇಳಿದರು.

"ಅಮ್ಮಾರ, ಸೋಮವಾರ ಏನ್ ತಿಂದಿದ್ರಿ?"

"ಏನೂ ಇಲ್ರಿ. ಅವತ್ತ ನಂದು ಉಪವಾಸ."

ವಹಿಯಲ್ಲೂ ಹಾಗೇ ಇತ್ತು. ಸೋಮವಾರ: ಉಪವಾಸ. ಒಂದೇ ಶಬ್ದ, ಮುತ್ತು ಪೋಣಿಸಿದಂಥ ನನ್ನ ಕಾನ್ವೆಂಟು ಅಕ್ಷರದಲ್ಲಿ. ಅವರು ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ಉಳಿದ ಆರೂ ದಿನಗಳಿಗಿಂತ ಎತ್ತರದ ಎರಡು ಶಿಖರಗಳು ಅವತ್ತೇ ಇದ್ದವು. ಒಂದು ಇನ್ನೂರಾ ಐವತ್ತನ್ನು ದಾಟಿತ್ತು.

"ಏನೂ ತಿನ್ನದ ಇಷ್ಟ ಏರೂದಿಲ್ಲರಿ. ನೆನಪ ಮಾಡ್ಕೊರಿ. ಒಂದು ತುತ್ತರೆ?"

"ದೇವರಾಣಿ ಇಲ್ರಿ. ಬರೇ ಫಳಾರ ಮಾಡಿದ್ದೆ."

"ಫಳಾರಕ್ಕ ಏನೇನಿತ್ತು?"

"ಮುಂಜಾನೆ ಸಾಬುದಾಣಿ ಖಿಚಡಿ. ಎರಡು ಬಾಳೆಹಣ್ಣು. ಮಧ್ಯಾಹ್ನ ಅವಲಕ್ಕಿ, ಮೊಸರು, ತುಸು ಬೆಲ್ಲ. ನಾಲ್ಕಕ್ಕ ಶೇಂಗಾ ಉಂಡಿ ಒಂದು..." ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣದಾಯಿತು. "ಒಂದಲ್ಲರಿ, ಎರಡು."

ಅವರು ಪೆನ್ನು ಕೆಳಗಿಟ್ಟು ನಗಬಾರದೆಂದು ತುಟಿ ಬಿಗಿಹಿಡಿದರು. "ಇಷ್ಟಕ್ಕೂ ನೀವು ಏನೂ ಇಲ್ಲ ಅಂತೀರಿ?"

ನಾನು ಸುಳ್ಳು ಬರೆದಿರಲಿಲ್ಲ, ಅದೇ ನನ್ನ ಸಂಕಟ. ಶಾಲೆಯಲ್ಲಿ ಸಿಸ್ಟರು ಸಂಜೆಯ ಪ್ರಾರ್ಥನೆಗೆ ನಮ್ಮನ್ನು ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿ, ಬೆಳಗಿನಿಂದ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆಯಿರಿ, ಏನನ್ನೂ ಮುಚ್ಚಿಡಬೇಡಿ ಅನ್ನುತ್ತಿದ್ದರು. ಆ ರೂಢಿ ನನಗೆ ಇನ್ನೂ ಇದೆ. ದಿನಾ ಕಣ್ಣು ಮುಚ್ಚಿ ನೆನೆದೇ ವಹಿ ಬರೆಯುತ್ತಿದ್ದೆ. ಸೋಮವಾರವನ್ನೂ ಹಾಗೇ ನೆನೆದೆ, ಒಳಗೆ ಏನೂ ಚುಚ್ಚಲಿಲ್ಲ. ಯಾಕೆಂದರೆ ನಮ್ಮಲ್ಲಿ ಅಕ್ಕಿ ನೀರಲ್ಲಿ ಬೆಂದರೆ ಅನ್ನ, ಅದು ಮುಸುರಿ, ಉಪವಾಸಕ್ಕೆ ಸಲ್ಲದು. ಅದೇ ಭತ್ತ ನೆಂದು, ಹುರಿದು, ಕುಟ್ಟಿಸಿಕೊಂಡು ಅವಲಕ್ಕಿಯಾದರೆ ಫಳಾರ. ಫಳಾರ ತಿಂದದ್ದು ತಿಂದ ಲೆಕ್ಕವಲ್ಲ. ನನ್ನ ತಾಯಿಯೂ ಹಾಗೆಯೇ ಇದ್ದಳು, ಅವಳ ತಾಯಿಯೂ. ದೇವರು ಸಹ ಆ ಲೆಕ್ಕವನ್ನು ಇಷ್ಟು ವರ್ಷ ಒಪ್ಪಿಕೊಂಡಿದ್ದ. ಈ ಬಿಲ್ಲೆಗೆ ಮಾತ್ರ ಮುಸುರಿ ಯಾವುದು ಫಳಾರ ಯಾವುದು ಗೊತ್ತಿಲ್ಲ.

"ಇನ್ನೊಂದು ಸೋಮವಾರ ಬರತೈತಿ ಬಿಲ್ಲೆ ತಗಿಯೂದರೊಳಗ," ಅಂದರು ಡಾಕ್ಟರಮ್ಮ. "ಅವತ್ತ ಉಪವಾಸ ಬ್ಯಾಡ. ಮೊದಲ ಪಲ್ಯಾ, ಕಾಳು ತಿಂದು ಆಮ್ಯಾಲ ರೊಟ್ಟಿ ಉಣ್ರಿ. ಗೆರಿ ತಗ್ಗಿದ್ರ ಇದ ಮಾತ್ರೆ ಸಾಕು. ಇಲ್ಲಂದ್ರ ಇಂಜೆಕ್ಷನ್ ಚಾಲೂ ಮಾಡೂದ. ಕಣ್ಣಿನ ಮಾತು ಐತಿ. ಮತ್ತ, ಮಾತ್ರೆ ನುಂಗಿ ಖಾಲಿ ಹೊಟ್ಟಿಲೆ ಮಾತ್ರ ಇರಬ್ಯಾಡ್ರಿ."

ಹೂಂ ಅಂದೆ. ಆದರೆ ಆ ಉಪವಾಸ ಬಿಡುವ ಹಕ್ಕು ನನ್ನದಾಗಿರಲಿಲ್ಲ.

ನನ್ನ ಮಗಳಿಗೆ ನಾಲ್ಕು ತುಂಬಿದರೂ ಮಾತು ಬಂದಿರಲಿಲ್ಲ. ಬೇಕಾದ್ದಕ್ಕೆ ಬೆರಳು ತೋರಿಸುತ್ತಿದ್ದಳು. ಹುಬ್ಬಳ್ಳಿಯಲ್ಲಿ ಕಿವಿ ನೋಡಿಸಿದೆವು, ಕಿವಿ ನೆಟ್ಟಗಿತ್ತು. ಒಂದು ದಿನ ಅತ್ತೆ ಒಬ್ಬರೇ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗಿ ಸೋಮೇಶ್ವರನ ಗುಡಿಯಲ್ಲಿ ನಿಂತು, ಕೂಸಿಗೆ ಮಾತು ಕೊಡು, ನನ್ನ ಸೊಸಿ ಜೀವ ಇರೂತನಕ ಸೋಮವಾರ ಉಪವಾಸ ಮಾಡತಾಳ ಅಂತ ಬೇಡಿಕೊಂಡು ಬಂದರು. ಬಂದ ಮೇಲೆಯೇ ನನಗೆ ಹೇಳಿದ್ದು. ನನಗೆ ಸಿಟ್ಟೂ ಬರಲಿಲ್ಲ, ಯಾಕೆ ಅಂತ ಕೇಳಲೂ ಇಲ್ಲ. ಎಂಟನೆಯ ಸೋಮವಾರವೋ ಒಂಬತ್ತನೆಯದೋ, ಮಗುವಿನ ಬಾಯಿಗೆ ನನ್ನ ಫಳಾರದ್ದೇ ಒಂದು ಚಮಚ ಅವಲಕ್ಕಿ ಒಡ್ಡಿದೆ. ಅವಳು ಮುಖ ತಿರುಗಿಸಿ "ಬ್ಯಾಡ" ಅಂದಳು. ಅದೇ ಮೊದಲ ಮಾತು. ಅತ್ತೆ ಅವತ್ತು ಓಣಿಯ ತುಂಬ ಸಕ್ಕರೆ ಹಂಚಿದರು. ಆಮೇಲೆ ಆ ಮಾತು ನಿಲ್ಲಲೇ ಇಲ್ಲ. ಈಗ ಅವಳು ಶಿರಹಟ್ಟಿಯಲ್ಲಿ ಶಾಲೆಯ ಟೀಚರು, ದಿನವಿಡೀ ಮಾತೇ ಕೆಲಸ.

ಇಪ್ಪತ್ನಾಲ್ಕು ವರ್ಷ ನಾನು ಆ ಹರಕೆ ತಪ್ಪಿಸಲಿಲ್ಲ. ಡಾಕ್ಟರ ಮಾತನ್ನು ಗುರುವಾರ ಸಂಜೆ ಅತ್ತೆಗೆ ಹೇಳಿದಾಗ ಅವರು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಬತ್ತಿ ಹೊಸೆಯುವುದು ನಿಂತಿತು.

"ನಿನ್ನ ಮಗಳಿಗೆ ಈಗ ಏಳ ತಿಂಗಳು," ಅಂದರು. "ಹೆಣ್ಣಮಗಳು ಬಸುರಿದ್ದಾಗ ಅಕಿ ಹೆಸರಲೆ ಬೇಡಿದ ಹರಕಿ ಮುರಿಯಾಕ ಬರತೈತೇನ? ನಾಳೆ ಹುಟ್ಟಿದ ಕೂಸು ಬಾಯಿ ಬಿಡದಿದ್ರ?"

ನನಗೂ ಒಳಗೆ ಅದೇ ಹೆದರಿಕೆ ಇತ್ತು. ಓದಿದವಳು ನಾನು, ಹಾಗಾಗುವುದಿಲ್ಲ ಅಂತ ಗೊತ್ತು. ಗೊತ್ತಿದ್ದರೂ ಹೆದರಿಕೆ ಹೋಗಲಿಲ್ಲ. ಅದಕ್ಕೆ ನಾನು ಯಾರಿಗೂ ಹೇಳದೆ ಮೂರನೆಯ ದಾರಿ ಹುಡುಕಿಕೊಂಡೆ. ಫಳಾರವೂ ಬೇಡ, ರೊಟ್ಟಿಯೂ ಬೇಡ. ಈ ಸೋಮವಾರ ನಿಜವಾಗಿಯೂ ಏನೂ ತಿನ್ನುವುದಿಲ್ಲ. ಹರಕೆಯೂ ಉಳಿಯಿತು, ಗೆರೆಯೂ ಏರಲಿಲ್ಲ. ಎಷ್ಟು ಸುಲಭ ಅಂದುಕೊಂಡೆ.

ಹತ್ತು ಗಂಟೆಯ ತನಕ ಸುಲಭವೇ ಇತ್ತು. ಹಸಿವಿಗೆ ಒಂದು ಬಗೆಯ ಹಗುರತನವಿದೆ. ಸೋಮವಾರಗಳು ಯಾವಾಗಲೂ ನನ್ನವೇ ಆಗಿದ್ದವು. ಹಂಚಿಲ್ಲ, ಹಿಟ್ಟಿಲ್ಲ, ಬಾ ಉಣ್ಣು ಅಂತ ಕರೆಯುವವರಿಲ್ಲ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡು ಅಡುಗೆಮನೆಯ ಗೋಡೆಯಿಂದ ಇಳಿದು ನೆಲದ ಮೇಲೆ ಹರಿದಾಡುವುದನ್ನು ನೋಡುತ್ತ ಕೂರುತ್ತಿದ್ದೆ. ಅವತ್ತು ಆ ಬಿಸಿಲಲ್ಲಿ ಧೂಳಿನ ಕಣಗಳು ಮೀನುಮರಿಗಳಂತೆ ತೇಲುತ್ತಿದ್ದವು. ಮದುವೆಯಾದ ಹೊಸದರಲ್ಲಿ ಅತ್ತೆ ನನ್ನನ್ನು ತಮ್ಮ ತವರು ಹಮ್ಮಿಗಿಗೆ ಕರೆದೊಯ್ದಿದ್ದರು. ತುಂಗಭದ್ರೆಯ ನೀರಲ್ಲಿ ನಾನು ಸೀರೆ ಎತ್ತಿಕಟ್ಟಿ ನಿಂತಾಗ ಕಾಲಿಗೆ ಅಂಥವೇ ಮೀನುಮರಿಗಳು ಮುತ್ತಿದ್ದವು. ಎಷ್ಟೋ ವರ್ಷದ ಮೇಲೆ ಅದು ನೆನಪಾಗಿ, ಅಡುಗೆಮನೆಯ ನೆಲವೇ ಮೆಲ್ಲಗೆ ಹರಿಯುವಂತೆ ಅನಿಸಿತು. ಮಗ್ಗದ ಸಪ್ಪಳ ನೀರಿನ ಆಚೆ ದಡದಿಂದ ಬರುತ್ತಿತ್ತು. ಕೈ ನೋಡಿಕೊಂಡೆ. ಬೆರಳುಗಳು ಯಾರವೋ ಬೆರಳುಗಳಂತೆ ಸಣ್ಣಗೆ ನಡುಗುತ್ತಿದ್ದವು. ಎಷ್ಟು ಚಂದ ನಡುಗುತ್ತಿವೆ ಅಂತ ನೋಡುತ್ತ ಕೂತೆ. ಕುತ್ತಿಗೆಯ ಹಿಂದೆ ತಣ್ಣನೆಯ ಬೆವರು ಇಳಿಯಿತು.

ಆಗ ಮೊಬೈಲು ಕೂಗಿಕೊಂಡಿತು. ನಾನೆಂದೂ ಕೇಳದ ಕರ್ಕಶ ದನಿ. ಪರದೆ ಕೆಂಪಾಗಿತ್ತು. ಅರವತ್ತಾರು, ಕೆಳಮುಖದ ಬಾಣ.

ಮುಂಜಾನೆ ರೂಢಿಯಂತೆ ಮಾತ್ರೆ ನುಂಗಿದ್ದು ಆಗ ನೆನಪಾಯಿತು. ಸಕ್ಕರೆ ಇಳಿಸುವ ಮಾತ್ರೆಗೆ ಇಳಿಸಲು ಹೊಟ್ಟೆಯಲ್ಲಿ ಏನೂ ಇರಲಿಲ್ಲ. ತಿಂದರೆ ಗುಡ್ಡ, ತಿನ್ನದಿದ್ದರೆ ಕಮರಿ.

ಕೂಗು ನಿಲ್ಲುವ ಮೊದಲೇ ಮಗಳ ಫೋನು ಬಂತು. ನನ್ನ ಗೆರೆ ಅವಳ ಮೊಬೈಲಿನಲ್ಲೂ ಕಾಣುವಂತೆ ಅವಳೇ ಮಾಡಿಟ್ಟಿದ್ದಳು. ನಡುಗುವ ಬೆರಳಿಗೆ ಸ್ಪೀಕರ್ ಒತ್ತಿಹೋಯಿತು.

"ಅವ್ವಾ! ಕುಂತಿಯೋ ನಿಂತಿಯೋ?"

"ಕುಂತೀನಿ."

"ಮುಂಜಾನೆ ಏನ್ ತಿಂದಿ?"

"ಇವತ್ತ ಸೋಮವಾರ ಅಲ್ಲೇನವಾ..."

"ಫಳಾರ?"

"ಅದನೂ ಬಿಟ್ಟೀನಿ."

"ಮಾತ್ರೆ?"

"ನುಂಗೀನಿ."

"ಮಾತ್ರೆ ನುಂಗಿ ಉಪಾಸ ಕುಂತಿಯೇನ? ನಿನ್ನ ಕಾನ್ವೆಂಟ ಸಾಲಿಗೆ ಬೆಂಕಿ ಹಚ್ಚು! ಬೆಲ್ಲ ಬಾಯಾಗ ಹಾಕ್ಕೊ, ಈಗಿಂದೀಗ. ಅಜ್ಜೀ! ಅಜ್ಜೀ, ಎಲ್ಲಿದ್ದೀ?"

ಪಡಸಾಲೆಯಿಂದ ಅತ್ತೆ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದರು. ಎಪ್ಪತ್ತೆಂಟರ ಅವರಿಗೆ ಮೊಣಕಾಲು ಬಿಟ್ಟರೆ ಬೇರೆ ಯಾವ ಬೇನೆಯೂ ಇಲ್ಲ. ನನ್ನ ಮುಖ ನೋಡಿದರು. ಯಾವ ಡಬ್ಬಿ ಎಲ್ಲಿದೆ ಅಂತ ಯಾವಾಗಲೂ ನನ್ನನ್ನೇ ಕೇಳುವವರು ಆ ದಿನ ನೇರ ಬೆಲ್ಲದ ಡಬ್ಬಿಗೇ ಕೈ ಹಾಕಿದರು. ದೊಡ್ಡ ತುಂಡೊಂದನ್ನು ನನ್ನ ತುಟಿಗೆ ಒತ್ತಿ ಹಿಡಿದರು. ನಾನು ಬಾಯಿ ತೆರೆಯಲಿಲ್ಲ. ಹಟವೋ, ಮಂಪರೋ, ನನಗೇ ತಿಳಿಯದು. ಮೊಬೈಲಿನಲ್ಲಿ ಮಗಳ ದನಿ ಒಡೆದಿತ್ತು.

"ಅಜ್ಜೀ, ನನ್ನ ಒಂದು ಮಾತಿನ ಸಲುವಾಗಿ ಅವ್ವನ ಕಣ್ಣ ಕೊಟ್ಟಿ. ಈಗ ಜೀವಾನೂ ಕೊಡತೀಯೇನ?"

ಅತ್ತೆಯ ಕೈ ನನ್ನ ತುಟಿಯ ಮೇಲೇ ಇತ್ತು.

"ಬಾಯಿ ತಗೀ ಯವ್ವಾ," ಅಂದರು. "ನಾ ಹೇಳಾಕತ್ತೀನಿ. ಬಾಯಿ ತಗೀ."

ತೆರೆದೆ. ಬೆಲ್ಲ ಕರಗಿತು. ಅಷ್ಟು ಸಿಹಿಯನ್ನು ನಾನು ಮರೆತೇಬಿಟ್ಟಿದ್ದೆ. ಅತ್ತೆ ಒಂದು ಲೋಟ ನೀರು ಕುಡಿಸಿ, ಸೆರಗಿನಿಂದ ನನ್ನ ಕುತ್ತಿಗೆ ಒರಸಿ, ಪಕ್ಕದಲ್ಲೇ ನೆಲಕ್ಕೆ ಕೂತರು. ನಾವಿಬ್ಬರೂ ಮೊಬೈಲನ್ನು ನಡುವೆ ಇಟ್ಟುಕೊಂಡು, ಹಾಲು ಉಕ್ಕುವುದನ್ನು ಕಾಯುವವರಂತೆ ನೋಡುತ್ತಿದ್ದೆವು. ಅರವತ್ತೆಂಟು. ಎಪ್ಪತ್ತನಾಲ್ಕು. ಎಂಬತ್ತೊಂಬತ್ತು. ಬಾಣ ಮೇಲಕ್ಕೆ ತಿರುಗಿತು. ಮಗ್ಗದ ಸಪ್ಪಳ ಆಚೆ ದಡದಿಂದ ತನ್ನ ಗೋಡೆಯ ಹಿಂದಕ್ಕೆ ವಾಪಸು ಬಂತು. ಶಿರಹಟ್ಟಿಯಲ್ಲಿ ಗಂಟೆ ಬಾರಿಸಿತು, ಮಗಳು ಮೂಗೆಳೆದುಕೊಂಡು, "ಕ್ಲಾಸ ಐತಿ, ಹತ್ತ ಮಿನಿಟಿಗೆ ಮತ್ತ ನೋಡತೀನಿ" ಅಂದು ಇಟ್ಟಳು.

ಅತ್ತೆ ಬೆಲ್ಲದ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ, ನನಗಲ್ಲ, ಗೋಡೆಯ ಮೇಲಿನ ಬಿಸಿಲಿಗೆ ಹೇಳಿದಂತೆ ಹೇಳಿದರು.

"ಬೇಡಿಕೊಂಡ ಬಾಯಿ ನಂದು. ಒತ್ತೆ ಇಟ್ಟದ್ದು ನಿನ್ನ ಹೊಟ್ಟಿ. ಎಂಥಾ ಶಾಣ್ಯಾಕಿ ನೋಡ ನಾನು."

"ಅತ್ತೀ, ಹಂಗನಬ್ಯಾಡ್ರಿ."

"ಅನ್ನೂದ ಏನೈತಿ, ಖರೆ ಐತಿ. ಅವತ್ತ ಗುಡಿಯಾಗ ನಿಂತು ನನ್ನ ಹೆಸರ ಹೇಳಬೇಕಂತ ಬಾಯಿತನ ಬಂದಿತ್ತು. ಉಪಾಸ ಅಂದ್ರ ನನಗ ಭಾಳ ಅಂಜಿಕಿ. ಸಣ್ಣಾಕಿದ್ದಾಗ ಹಮ್ಮಿಗ್ಯಾಗ ಭಾಳ ಹಸದೀನಿ. ಅದಕ ನಿನ್ನ ಹೆಸರ ಹೇಳಿಬಿಟ್ಟೆ."

ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಆ ಮಾತು ಕೇಳಿದ್ದು. ಅವರು ಮೊಣಕಾಲಿಗೆ ಕೈ ಊರಿ ಎದ್ದು, ದೇವರ ಗೂಡಿನ ಮುಂದೆ ನಿಂತು, ದೀಪಕ್ಕೆ ಒಂದು ಹನಿ ಎಣ್ಣೆ ಬಿಟ್ಟರು. ಗಟ್ಟಿಯಾಗಿ, ಪಕ್ಕದ ಮನೆಯವರ ಜೊತೆ ಮಾತಾಡಿದಂತೆ ಹೇಳಿದರು.

"ಸೋಮೇಶ್ವರಾ, ಇವತ್ತಿಂದ ಸೋಮವಾರ ನಂದು. ಸೊಸೀನ ಬಿಡು. ಕೂಸಿನ ಕಡೆ ನೋಡೂವಾಗ ನನ್ನ ಹೆಸರ ಲಕ್ಷದಾಗ ಇಟ್ಕೊ."

ಆಮೇಲೆ ನನ್ನ ಕಡೆ ತಿರುಗಿ, "ಹಿಟ್ಟ ಎಲ್ಲೈತಿ?" ಅಂದರು.

"ನಿಮಗ ಉಪವಾಸ ಆಗೂದಿಲ್ಲರಿ ಅತ್ತೀ. ಈ ವಯಸ್ಸಿನ್ಯಾಗ..."

"ಯಾಕ ಆಗೂದಿಲ್ಲ? ನಿನ್ನಂಗ ಖಿಚಡಿ, ಬಾಳೆಹಣ್ಣು, ಉಂಡಿ ತಿಂದು ಉಪಾಸ ಮಾಡಂದ್ರ ಯಾರಿಗ ಆಗಂಗಿಲ್ಲ? ಇಪ್ಪತ್ನಾಕ ವರ್ಷ ಕಡಕ್ ರೊಟ್ಟಿ ಕಡೀತ ಆ ಖಿಚಡಿ ವಾಸನಿ ಕುಡದೀನಿ ನಾನು. ಹಿಟ್ಟ ಕೊಡು."

ನನಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ಎರಡನ್ನೂ ಅವರು ನೋಡದಹಾಗೆ ಹಿಟ್ಟಿನ ಡಬ್ಬಿ ತೆಗೆಯಲು ಬಗ್ಗಿದೆ.

ಅತ್ತೆ ರೊಟ್ಟಿ ಬಡಿಯುವುದು ಬಿಟ್ಟು ಹತ್ತು ವರ್ಷವಾಗಿತ್ತು. ಕೆಳಗೆ ಕೂರಲಾಗದು ಅಂತ ಅಡುಗೆಕಟ್ಟೆಯ ಮೇಲೇ ಪರಾತ ಇಟ್ಟು, ಕುದಿನೀರು ಹಾಕಿ ಜೋಳದ ಹಿಟ್ಟು ನಾದಿದರು. ಮೊದಲ ರೊಟ್ಟಿ ಅಂಚಿನಲ್ಲಿ ಹರಿಯಿತು. "ಕೈ ಮರ್ತೇತಿ," ಅಂತ ಅದನ್ನು ಮುದ್ದೆ ಮಾಡಿ ಮತ್ತೆ ಬಡಿದರು. ತಪ್ ತಪ್ ತಪ್, ಅಂಗೈ ತಿರುಗಿದಂತೆ ರೊಟ್ಟಿ ತಿರುಗಿತು. ಅವರ ಬಳೆಗಳು ರೊಟ್ಟಿಯ ತಾಳಕ್ಕೆ ತುಸು ತಡವಾಗಿ ಸದ್ದು ಮಾಡುತ್ತಿದ್ದವು. ಹಂಚಿನ ಮೇಲೆ ನೀರು ಸವರಿದಾಗ ಎದ್ದ ಹಬೆಯಲ್ಲಿ ಅವರ ಮುಖ ಕ್ಷಣ ಮರೆಯಾಗಿ ಮತ್ತೆ ಕಂಡಿತು. ಸೋಮವಾರದ ಹಗಲಿನಲ್ಲಿ ಸುಡುವ ಜೋಳದ ವಾಸನೆ ನಮ್ಮ ಅಡುಗೆಮನೆಗೆ ಹೊಸದು. ಯಾರದೋ ಮನೆಗೆ ಊಟಕ್ಕೆ ಬಂದವಳಂತೆ ನಾನು ಗೋಡೆಗೊರಗಿ ಕೂತಿದ್ದೆ.

ಡಾಕ್ಟರು ಹೇಳಿದ ಕ್ರಮ ಅವರಿಗೆ ಗುರುವಾರದಿಂದಲೇ ಬಾಯಿಪಾಠ ಇತ್ತು ಅಂತ ಆಗ ಗೊತ್ತಾಯಿತು. ತಟ್ಟೆಗೆ ಮೊದಲು ಹೆಸರುಕಾಳಿನ ಪಲ್ಯ, ಹಸಿ ಮೆಂತೆ ಸೊಪ್ಪು, ಸೌತೆಕಾಯಿ ಹಾಕಿದರು. ರೊಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತರು.

"ಅದ ಮುಗೀಲಿ. ಮುಗದ ಮ್ಯಾಲ ಇದು."

"ಆರಿಹೋಗತೈತಿ ಅತ್ತೀ."

"ಆರಂಗಿಲ್ಲ. ಉಣ್ಣು."

ನಿಜಕ್ಕೂ ಆರಲಿಲ್ಲ. ಅವರು ಅದನ್ನು ಹಂಚಿನ ಅಂಚಿಗೆ ತಾಗಿಸುತ್ತ, ಎತ್ತುತ್ತ ಕಾಯ್ದರು. ಕೊನೆಗೆ ಬೆಣ್ಣೆಯ ಒಂದು ಸಣ್ಣ ಉಂಡೆ ಇಟ್ಟು ನನ್ನ ತಟ್ಟೆಗೆ ಹಾಕಿದರು. ಮೊದಲ ತುತ್ತು ಮುರಿಯುವಾಗ ಕೈ ತಡೆಯಿತು. ಮಗಳ ಹೊಟ್ಟೆ ಕಣ್ಮುಂದೆ ಬಂತು. ಅದರೊಳಗೆ ಕಣ್ಣು ಮುಚ್ಚಿ ತೇಲುತ್ತಿರುವ, ಇನ್ನೂ ಮಾತಿಲ್ಲದ ಜೀವ. ಅತ್ತೆಯೂ ಅದನ್ನೇ ನೋಡುತ್ತಿದ್ದರೇನೋ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತುತ್ತು ಬಾಯಿಗಿಟ್ಟೆ.

ಆಮೇಲೆ ಅವರಿಗೆ ಖಿಚಡಿ ಒಗ್ಗರಿಸಿಕೊಟ್ಟೆ. ಶೇಂಗಾಪುಡಿ, ಹಸಿಮೆಣಸಿನಕಾಯಿ, ಮೇಲೆ ಲಿಂಬೆ ಹಿಂಡಿ. ಅವರು ಮೊದಲ ತುತ್ತಿಗೆ ಕಣ್ಣು ಮುಚ್ಚಿದರು.

"ಇಷ್ಟ ಚಲೋ ಇರತೈತಿ ಅಂತ ಗೊತ್ತಿದ್ರ," ಅಂದರು, "ನನ್ನ ಹೆಸರಲೆ ಬೇಡ್ಕೊಂಡ ಬರತಿದ್ನಿ."

ಊಟವಾದ ಮೇಲೆ ಅಟ್ಟದ ಮೆಟ್ಟಿಲು ಹತ್ತಿ ಇಳಿದೆ. ಗೆರೆ ನೂರಾ ನಲವತ್ತೆಂಟರ ತನಕ ಏರಿ, ಅಲ್ಲೇ ತುಸು ಹೊತ್ತು ಯೋಚಿಸುತ್ತ ನಿಂತು, ಇಳಿಯತೊಡಗಿತು. ನಾಲ್ಕರ ಹೊತ್ತಿಗೆ ನೂರಾ ಹದಿನೆಂಟು. ಶಿಖರವಲ್ಲ, ಉಸಿರಾಡುವಾಗ ಹೊದಿಕೆ ಏಳುತ್ತದಲ್ಲ, ಅಷ್ಟು. ಮಗಳು ಸಂದೇಶ ಕಳಿಸಿದಳು: "ಗೆರಿ ಚಲೋ ಐತಿ. ಏನ್ ಉಂಡಿ?" ನಾನು ಬರೆದೆ: "ರೊಟ್ಟಿ." ಆಮೇಲೆ ಫೋನೇ ಬಂತು, ಅಜ್ಜಿಗೆ ಕೊಡು ಅಂದಳು. ಅವರಿಬ್ಬರೂ ಏನು ಮಾತಾಡಿದರೋ ನನಗೆ ತಿಳಿಯದು. ಅತ್ತೆ ಮೊಬೈಲನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು, "ಹೂಂ... ಹೂಂ... ಒದೀತೈತಿ? ಒದೀಲಿ, ಒದೀಲಿ" ಅನ್ನುತ್ತಿದ್ದುದಷ್ಟೇ ಕೇಳಿಸಿತು.

ವಹಿ ತೆಗೆದು ಸೋಮವಾರ ಅಂತ ಬರೆದೆ. ಅದರ ಮುಂದೆ ಬೆಲ್ಲ, ಪಲ್ಯ, ಮೆಂತೆ, ಸೌತೆಕಾಯಿ, ರೊಟ್ಟಿ, ಬೆಣ್ಣೆ ಅಂತ ಎಲ್ಲ ಬರೆದೆ. ಕಣ್ಣು ಮುಚ್ಚಿ ನೆನೆದರೂ ಮತ್ತೇನೂ ಉಳಿದಿರಲಿಲ್ಲ. ಆದರೆ ಯಾವುದೋ ಒಂದು ವಸ್ತು ಎಲ್ಲಿಯೋ ಇಟ್ಟು ಮರೆತಂತೆ ಒಳಗೆ ಖಾಲಿ ಖಾಲಿ. ಇಷ್ಟು ವರ್ಷ ಮಗಳಿಗಾಗಿ ನಾನು ಏನನ್ನಾದರೂ ಬಿಟ್ಟಿದ್ದೇನೆ ಅನ್ನುವ ಒಂದು ಸಣ್ಣ ಜಂಬ ನನಗಿತ್ತು. ಅದು ಅರ್ಧಕ್ಕರ್ಧ ಸಾಬುದಾಣಿಯಿಂದ ಮಾಡಿದ್ದು ಅಂತ ಗೊತ್ತಾದರೂ ಜಂಬ ಜಂಬವೇ. ಇನ್ನು ಮೇಲೆ ಸೋಮವಾರ ಉಳಿದ ದಿನಗಳ ಹಾಗೇ ಒಂದು ದಿನ. ಬಿಸಿಲು ಗೋಡೆಯಿಂದ ಇಳಿಯುವುದನ್ನು ನೋಡಲು ನನಗೆ ಬೇರೆ ನೆವ ಬೇಕು.

ಸಂಜೆ ಅತ್ತೆ ಹೊರಗಿನ ಕಟ್ಟೆಗೆ ಕೂತರು. ಹರಕೆ ಹೊತ್ತವರ ಗಾಂಭೀರ್ಯದಲ್ಲಿ ಬೆನ್ನು ನೆಟ್ಟಗೆ ಮಾಡಿ, ಹೋಗಿಬರುವವರನ್ನು ನೋಡುತ್ತಿದ್ದರು. ನಾನು ಪಕ್ಕದಲ್ಲಿ ಮೆಂತೆ ಸೋಸುತ್ತಿದ್ದೆ. ಎದುರು ಮನೆಯಾಕೆ ಎಮ್ಮೆ ಹಿಂಡಿ, ದಿನದ ಹಾಲು ಕೊಡಲು ತಂಬಿಗೆ ಹಿಡಿದು ಬಂದಳು. ನನ್ನ ಪಾತ್ರೆಗೆ ಹಾಲು ಹೊಯ್ಯುತ್ತ, ನೊರೆ ಇಳಿಯಲೆಂದು ಕಾಯುತ್ತ, ಮಾತಿಗೊಂದು ಮಾತು ಅನ್ನುವಂತೆ ಅಂದಳು.

"ಅಕ್ಕಾರ, ಸೋಮವಾರ ನಿಮ್ಮ ಮಾರಿ ಯಾವಾಗ್ಲೂ ಬಾಡಿರತೈತಿ, ಇವತ್ತ ಭಾಳ ಕಳೀ ಐತಲ್ರಿ. ತವರಮನಿಯಿಂದ ಯಾರರೆ ಬಂದಾರೇನು? ಬಂದಿದ್ರ ಇನ್ನೊಂದ ಪಾವು ಹಾಕತಿದ್ನಿ, ಅಷ್ಟ."